ಬರಹಕ್ಕೆ ತಕ್ಕ ಯಂತ್ರ

ಬಾಸೆಲ್ ಮಿಷನ್ನಿನ ಪಾದ್ರಿಗಳು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ತೆರೆದಾಗ ಅವರ ಮುಂದೆ ಎರಡು ಮಾರ್ಗಗಳಿದ್ದುವು. ಸೀಸದ ಮೊಳೆಗಳನ್ನು ಎರಕ ಹೊಯ್ಯಿಸಿ ಅಕ್ಷರ ಅಕ್ಷರವಾಗಿ ಜೋಡಿಸುವುದು ಒಂದು; ಜರ್ಮನಿಯ ಆಲೋಯಿಸ್ ಸೆನೆಫೆಲ್ಡರನು 1796ರಲ್ಲಿ ಕಂಡುಹಿಡಿದಿದ್ದ ಕಲ್ಲಚ್ಚಿನ ವಿಧಾನವನ್ನು ಅನುಸರಿಸುವುದು ಇನ್ನೊಂದು. ಕನ್ನಡದ ಮೊಳೆಗಳು ಆ ವೇಳೆಗೆ ಇಲ್ಲದೆ ಇರಲಿಲ್ಲ; ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಷ್ಟು ಹಿಂದೆಯೇ ಅಚ್ಚಾಗಿತ್ತು, ಮದರಾಸಿನಲ್ಲಿ ಕನ್ನಡದ ನಿಘಂಟುಗಳೂ ಹೊರಬಂದಿದ್ದುವು. ಹಾಗಿದ್ದರೂ ಮಂಗಳೂರಿನವರು ಕಲ್ಲನ್ನೇ ಆರಿಸಿಕೊಂಡರು. ಇದನ್ನು ಬಡತನದ ಆಯ್ಕೆಯೆಂದು ಮಾತ್ರ ತಿಳಿಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ ಇವುಗಳಿಂದ ಪ್ರತಿಯೊಂದು ವ್ಯಂಜನವೂ ಹತ್ತಾರು ರೂಪಗಳನ್ನು ತಾಳುವ, ಅದರ ಮೇಲೆ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮತ್ತೊಂದು ಅಂತಸ್ತನ್ನೇ ಕಟ್ಟುವ ನಮ್ಮ ಲಿಪಿಗೆ ನೂರಾರು ಮೊಳೆಗಳ ಸಂಚಯವೂ, ಅವುಗಳ ಮನೆಗಳನ್ನು ಕೈಯಲ್ಲಿಯೇ ಬಲ್ಲ ಜೋಡಣೆಗಾರರೂ ಬೇಕಾಗಿದ್ದ ಕಾಲದಲ್ಲಿ, ಬರೆಯಬಲ್ಲವನೊಬ್ಬನ ಕೈಬರಹವಿದ್ದರೆ ಸಾಕೆನ್ನುವ ಯಂತ್ರವು ಆ ಊರಿಗೂ ಆ ಕಾರ್ಯಕ್ಕೂ ತಕ್ಕುದಾಗಿತ್ತು.

ಕಲ್ಲಚ್ಚಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಲಿಪಿಕಾರನು ಕೊಬ್ಬು ಬೆರೆತ ಮಸಿಯಿಂದ ಕಾಗದದ ಮೇಲೆ ಎಂದಿನಂತೆ ಬರೆಯುವನು. ನಯಮಾಡಿದ ಸುಣ್ಣಕಲ್ಲಿನ ಮೇಲೆ ಆ ಕಾಗದವನ್ನು ಕವುಚಿ ಒತ್ತಿದಾಗ ಬರಹವು ಎಡಬಲ ಬದಲಾಗಿ ಕಲ್ಲಿಗೆ ಇಳಿಯುವುದು. ಅನಂತರ ಕಲ್ಲನ್ನು ತೇವಮಾಡಿದರೆ ನೀರು ಬರಿಯ ಕಲ್ಲಿನಲ್ಲಿ ಇಂಗಿ, ಅಕ್ಷರವಿರುವೆಡೆಯಲ್ಲಿ ಮಾತ್ರ ಕೆಸುವಿನೆಲೆಯ ಮೇಲಿನಂತೆ ನಿಲ್ಲದೆ ಜಾರಿಹೋಗುವುದು. ಆಗ ಮಸಿಯ ಉರುಳೆಯನ್ನು ಹಾಯಿಸಿದರೆ ಒದ್ದೆಯಾದ ಕಲ್ಲು ಮಸಿಯನ್ನು ದೂರವಿಡುತ್ತದೆ, ಕೊಬ್ಬಿನ ಅಕ್ಷರ ಅದನ್ನು ಹಿಡಿಯುತ್ತದೆ; ಕಾಗದವನ್ನಿಟ್ಟು ಒತ್ತಿದರೆ ಪುಟವು ಸಿದ್ಧವಾಗುತ್ತದೆ. ಇಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಭೇದವಿಲ್ಲ. ಲೇಖನಿಯು ಏನನ್ನು ಬರೆಯಬಲ್ಲುದೋ ಅದನ್ನೆಲ್ಲ ಕಲ್ಲು ಅಚ್ಚುಮಾಡಬಲ್ಲುದು.

ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಪಂಡಿತನು 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ವು, ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಇಂದಿಗೂ ಆ ದಿನವನ್ನು ನಾವು ಪತ್ರಿಕಾ ದಿನವಾಗಿ ಆಚರಿಸುತ್ತಿರುವುದಕ್ಕೆ ಕಾರಣವಾದ ಆ ಪತ್ರವು, ಕಲ್ಲಚ್ಚಿನಿಂದಲೇ ಹುಟ್ಟಿತು. ಆದರೆ ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿ ಮೊಳೆಯಚ್ಚಿನಲ್ಲಿ ಹೊರಬರತೊಡಗಿತು. ಹಾಗಾದರೆ ಮೋಗ್ಲಿಂಗನು ಕಲ್ಲನ್ನು ಕೈಬಿಟ್ಟನೇ ಎಂದರೆ ಅದೂ ಇಲ್ಲ. ನ್ಯಾಯಾಧೀಶನಾಗಿ ನಿವೃತ್ತನಾಗಿದ್ದ ಕ್ಯಾಸಮೇಜರನ ದ್ರವ್ಯಸಹಾಯದಿಂದ 1848ರಿಂದ ಮುಂದಕ್ಕೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ನಮ್ಮ ಪ್ರಾಚೀನ ಕೃತಿಗಳನ್ನು ಪ್ರಕಟಿಸುವಾಗ ಆತನು ಮತ್ತೆ ಕಲ್ಲಿನ ಬಳಿಗೇ ಬಂದನು. ಪಕ್ಷಕ್ಕೊಮ್ಮೆ ಅವಸರದಿಂದ ಹೊರಬಂದು, ಓದಿ ಮುಗಿದೊಡನೆ ಹಳತಾಗುವ ಸುದ್ದಿಯ ಹಾಳೆಗೆ ಒಂದು ಯಂತ್ರ. ಓಲೆಗರಿಯ ಪರಂಪರೆಯಿಂದ ಇಳಿದುಬಂದು, ಗ್ರಂಥವಾಗಿ ಮನೆಗಳಲ್ಲಿ ಉಳಿಯಬೇಕಾದ ಕಾವ್ಯಕ್ಕೆ ಇನ್ನೊಂದು. ಒಬ್ಬನೇ ಮನುಷ್ಯನು ಏಳೆಂಟು ವರ್ಷಗಳ ಅವಧಿಯಲ್ಲಿ ಎರಡು ವಿಧಾನಗಳನ್ನು ಪ್ರತ್ಯೇಕವಾದ ಕಾರ್ಯಗಳಿಗೆ ಬಳಸಿದ ಈ ಸಂಗತಿಯು, ಇಂದು ಅಂಗಡಿಯ ಮುಂದೆ ನಿಂತು ‘ಯಾವ ಪ್ರಿಂಟರು ಒಳ್ಳೆಯದು?’ ಎಂದು ಕೇಳುವವರಿಗೆಲ್ಲ ಹೇಳತಕ್ಕ ಸಂಗತಿಯೆಂದು ನಾನು ಭಾವಿಸಿದ್ದೇನೆ. ಯಂತ್ರದ ಗುಣದೋಷಗಳು ಅಚ್ಚಾಗುವ ಪತ್ರದ ಆಯುಷ್ಯವನ್ನೂ, ಪ್ರತಿಗಳ ಸಂಖ್ಯೆಯನ್ನೂ, ಓದುವವರನ್ನೂ ತಿಳಿದ ಮೇಲೆಯೇ ಗುಣದೋಷಗಳಾಗುತ್ತವೆ.

ಮೊಳೆಯ ಯುಗವು ದೀರ್ಘವಾಗಿ ನಡೆಯಿತು. 1894ರಲ್ಲಿ ಮಂಗಳೂರಿನ ಅದೇ ಅಚ್ಚುಕೂಟದಿಂದ ಕಿಟೆಲ್ಲರ ಬೃಹತ್ ನಿಘಂಟು ಮೊಳೆಗಳಲ್ಲಿಯೇ ಹೊರಬಂದಿತು. ಮುಂದೆ ಅನಂತ ಸುಬ್ಬರಾಯರು ಬೆರಳಚ್ಚು ಯಂತ್ರಕ್ಕೆ ಕನ್ನಡದ ಕೀಲಿಮಣೆಯನ್ನು ರೂಪಿಸಿ ಕಚೇರಿಗಳ ಕಾಗದಪತ್ರಗಳಿಗೆ ಕನ್ನಡವನ್ನು ತಂದುಕೊಟ್ಟರು. ಅಷ್ಟು ಕಡಿಮೆ ಕೀಲಿಗಳಲ್ಲಿ ಇಷ್ಟು ಅಕ್ಷರಗಳನ್ನು ಅಡಗಿಸಿದ ಅವರ ಸಾಹಸವು ದೊಡ್ಡದು. ಅಕ್ಷರಗಳ ಅಂದವು ಅದಕ್ಕಾಗಿ ಒಂದಿಷ್ಟು ಬೆಲೆ ತೆತ್ತಿತೆಂಬುದೂ ನಿಜವೇ.

ಗಣಕಯಂತ್ರಗಳು ಬಂದಾಗ ಮೊದಲಿಗೆ ಕನ್ನಡಕ್ಕೆ ಅಲ್ಲಿ ಸ್ಥಾನವೇ ದೊರೆಯಲಿಲ್ಲ. 1959ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ 1403 ಎಂಬ ಸಾಲುಮುದ್ರಕವು ನಿಮಿಷಕ್ಕೆ 600 ಸಾಲುಗಳನ್ನು ಅಚ್ಚುಮಾಡುವ ಅದ್ಭುತವಾಗಿತ್ತು. ಆದರೆ ವೇಗವಾಗಿ ಸುತ್ತುವ ಅದರ ಸರಪಳಿಯಲ್ಲಿದ್ದುದು 48 ಚಿಹ್ನೆಗಳು ಮಾತ್ರ. ಅದರ ತರುವಾಯ 1970ರ ದಶಕದಲ್ಲಿ ಡೈಸಿ ಚಕ್ರದ ಪ್ರಿಂಟರು ಬಂದಿತು. ಹೂವಿನ ದಳಗಳಂತಹ ಸುಮಾರು 96 ಕಡ್ಡಿಗಳ ತುದಿಯಲ್ಲಿ ಒಂದೊಂದು ಅಕ್ಷರವನ್ನಿಟ್ಟು, ಬೇಕಾದ ಕಡ್ಡಿಯನ್ನು ತಿರುಗಿಸಿ ತಂದು ಸುತ್ತಿಗೆಯಿಂದ ಬಡಿಯುವ ಈ ಯಂತ್ರದ ಬರಹವು ಬೆರಳಚ್ಚಿನಷ್ಟೇ ಸುಂದರವಾಗಿದ್ದಿತು. ಇಂಗ್ಲಿಷಿಗೆ 96 ಧಾರಾಳವಾಯಿತು. ಕನ್ನಡಕ್ಕೆ ಅದು ಮೊಳೆಯ ಪೆಟ್ಟಿಗೆಯ ಮೂಲೆಯೊಂದಕ್ಕೂ ಸಾಲದು.

ಈ ಕಟ್ಟಿನಿಂದ ನಮ್ಮ ಲಿಪಿಯನ್ನು ಬಿಡಿಸಿದುದು, ಅಂದದಲ್ಲಿ ಡೈಸಿ ಚಕ್ರಕ್ಕಿಂತ ಎಷ್ಟೋ ಕೆಳಗಿದ್ದ, ಗದ್ದಲದಲ್ಲಿ ಎಲ್ಲವನ್ನೂ ಮೀರಿಸಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. 1980ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆಯ ಎಂಎಕ್ಸ್-80 ಎಂಬ ಮಾದರಿಯು ಜಗತ್ತಿನಾದ್ಯಂತ ಹರಡಿತು. ಅದರ ತಲೆಯಲ್ಲಿ ಅಕ್ಷರಗಳೇ ಇಲ್ಲ; ಒಂದರ ಕೆಳಗೊಂದರಂತೆ ಒಂಬತ್ತು ಸೂಜಿಗಳಿವೆ. ತಲೆಯು ಎಡದಿಂದ ಬಲಕ್ಕೆ ಓಡುವಾಗ ಬೇಕಾದ ಸೂಜಿಗಳು ಬೇಕಾದ ಕ್ಷಣದಲ್ಲಿ ಮುನ್ನುಗ್ಗಿ ಮಸಿಯ ರಿಬ್ಬನ್ನಿನ ಮೂಲಕ ಕಾಗದವನ್ನು ಚುಚ್ಚುತ್ತವೆ; ಚುಕ್ಕಿಗಳು ಸೇರಿ ಅಕ್ಷರವಾಗುತ್ತವೆ. ಅಚ್ಚಿನಲ್ಲಿ ಕೂಡಿಹಾಕಿದ ಅಕ್ಷರಗಳನ್ನು ಬಿಟ್ಟು ಚುಕ್ಕಿಗಳನ್ನು ಆಶ್ರಯಿಸಿದ ಕೂಡಲೇ ಯಂತ್ರವು ಯಾವ ಆಕಾರವನ್ನಾದರೂ ಬರೆಯಬಲ್ಲುದಾಯಿತು. ಕಲ್ಲಚ್ಚಿನೊಡನೆ ಕಳೆದುಹೋಗಿದ್ದ ಸ್ವಾತಂತ್ರ್ಯವು ಹೀಗೆ ಕನ್ನಡಕ್ಕೆ ಮರಳಿ ದೊರೆಯಿತು. ಒಂಬತ್ತು ಸೂಜಿಗಳ ಎತ್ತರದಲ್ಲಿ ಮೇಲಿನ ತಲೆಕಟ್ಟನ್ನೂ ಕೆಳಗಿನ ಒತ್ತನ್ನೂ ಒಟ್ಟಿಗೆ ಹಿಡಿಸಲಾಗದೆ ಒಂದೇ ಸಾಲಿಗೆ ತಲೆಯು ಎರಡೆರಡು ಸಲ ಓಡಬೇಕಾಗುತ್ತಿದ್ದುದೂ, ಇಂಗ್ಲಿಷಿನ ಪುಟಕ್ಕಿಂತ ಕನ್ನಡದ ಪುಟವು ಬಹಳ ತಡವಾಗಿ ಮುಗಿಯುತ್ತಿದ್ದುದೂ ಉಂಟು. 24 ಸೂಜಿಗಳ ಮಾದರಿಗಳು ಬಂದ ಮೇಲೆ ಆ ಕಷ್ಟವು ಬಹುಮಟ್ಟಿಗೆ ತಗ್ಗಿತು. ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವೂ, 1991ರಲ್ಲಿ ಮಾನಕವಾದ ಇಸ್ಕಿ ಸಂಕೇತವ್ಯವಸ್ಥೆಯೂ ಭಾರತೀಯ ಲಿಪಿಗಳಿಗೆ ಈ ಯಂತ್ರಗಳ ಬಾಗಿಲನ್ನು ತೆರೆದುವು. ಇಂತಹ ಪ್ರಿಂಟರುಗಳನ್ನು ತಯಾರಿಸುವ ಕಾರ್ಖಾನೆಗಳು ನಮ್ಮ ಮೈಸೂರಿನಲ್ಲಿಯೂ ತುಮಕೂರಿನಲ್ಲಿಯೂ ನಡೆದುವೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬೇಕು.

ಹಳೆಯದೆಂದು ಈ ಯಂತ್ರವನ್ನು ತಾತ್ಸಾರದಿಂದ ಕಾಣುವವರು ಯಾವುದಾದರೂ ಸಹಕಾರ ಸಂಘದ ಕಚೇರಿಗೆ ಹೋಗಿ ನೋಡಬೇಕು. ಎರಡೂ ಅಂಚುಗಳಲ್ಲಿ ತೂತುಗಳ ಸಾಲುಳ್ಳ ಮಡಿಕೆಯ ಕಾಗದವು ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಎದ್ದು ಪ್ರಿಂಟರಿನ ಹಲ್ಲುಗಳಿಗೆ ಸಿಕ್ಕಿ ಮೇಲೇರುತ್ತದೆ; ಬಿಳಿಯದು ಸದಸ್ಯನಿಗೆ, ಗುಲಾಬಿಯದು ಲೆಕ್ಕಕ್ಕೆ, ಹಳದಿಯದು ಕಡತಕ್ಕೆ ಎಂದು ಮೂರು ಪದರಗಳು ಒಂದೇ ಹೊಡೆತಕ್ಕೆ ಅಚ್ಚಾಗುತ್ತವೆ; ಗುಮಾಸ್ತನು ಅಂಚಿನ ತೂತಿನ ಪಟ್ಟಿಯನ್ನು ಸರ್ರನೆ ಹರಿದು ಮೂರನ್ನೂ ಬೇರ್ಪಡಿಸುತ್ತಾನೆ. ಸೂಜಿಯು ಬಡಿಯುವುದರಿಂದಲೇ ಕೆಳಗಿನ ಪದರಕ್ಕೆ ಅಕ್ಷರ ಇಳಿಯುತ್ತದೆ. ಕಾಗದವನ್ನು ಬಡಿಯದ ಬೇರೆ ಯಾವ ಯಂತ್ರಕ್ಕೂ, ಅದು ಎಷ್ಟೇ ಬೆಲೆಯದಾದರೂ, ಈ ಶಕ್ತಿಯಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಂತಹ ಹೊಲಿದ ಪುಸ್ತಕದ ತೆರೆದ ಪುಟದ ಮೇಲೆ, ಹಿಂದಿನ ನಮೂದು ಮುಗಿದ ಸಾಲಿನಿಂದಲೇ ಮುಂದುವರಿಸಿ ಬರೆಯಬೇಕಾದಾಗಲೂ ಸೂಜಿಯ ಯಂತ್ರವೇ ಗತಿ.

ಲೇಸರ್ ಪ್ರಿಂಟರಿನ ಮೂಲವು 1938ರಲ್ಲಿ ನ್ಯೂಯಾರ್ಕಿನ ಅಸ್ಟೋರಿಯದಲ್ಲಿ ಚೆಸ್ಟರ್ ಕಾರ್ಲ್‌ಸನ್ ಸಾಧಿಸಿದ ಒಣಪ್ರತಿಯ ವಿದ್ಯೆಯಲ್ಲಿದೆ. ಆ ವಿದ್ಯೆಯಿಂದ ಬೆಳೆದ ಜೆರಾಕ್ಸ್ ಸಂಸ್ಥೆಯಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ 1960ರ ದಶಕದ ಕೊನೆಯಲ್ಲಿ, ಮೇಲಧಿಕಾರಿಗಳ ಅಸಮ್ಮತಿಯನ್ನು ಸಹಿಸಿಕೊಂಡು, ಲೇಸರ್ ಕಿರಣದಿಂದಲೇ ಪುಟವನ್ನು ಬರೆಯುವ ಪ್ರಯೋಗಕ್ಕೆ ತೊಡಗಿದನು. 1984ರಲ್ಲಿ ಎಚ್‌ಪಿ ಸಂಸ್ಥೆಯ ಲೇಸರ್‌ಜೆಟ್, ಅಂಗುಲಕ್ಕೆ 300 ಚುಕ್ಕಿಗಳ ನವುರಿನಿಂದ, 3,495 ಡಾಲರುಗಳ ಬೆಲೆಗೆ ಮಾರುಕಟ್ಟೆಗೆ ಬಂದಿತು. ಮರುವರ್ಷ ಆಪಲ್ಲಿನ ಲೇಸರ್‌ರೈಟರ್ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೊಡನೆ ಬಂದಿತು. ಪುಟದಲ್ಲಿರುವುದನ್ನೆಲ್ಲ ರೇಖೆಗಳ ಚಿತ್ರವಾಗಿ ಕಾಣುವ ಈ ಭಾಷೆಗೆ ರೋಮನ್ನೂ ಒಂದೇ, ಕನ್ನಡವೂ ಒಂದೇ. ಕನ್ನಡ ನಾಡಿನ ಊರೂರುಗಳಲ್ಲಿ ಡಿಟಿಪಿ ಅಂಗಡಿಗಳು ತೆರೆದುವು, ಶ್ರೀಲಿಪಿ, ಆಕೃತಿ, ಮುಂದೆ ಬರಹ, ನುಡಿ ಎಂಬ ತಂತ್ರಾಂಶಗಳು ಬಂದುವು, ಕೆ. ಪಿ. ರಾಯರು ಯೋಜಿಸಿದ ಧ್ವನ್ಯನುಸಾರಿ ಕೀಲಿಮಣೆಯು ಸಾಮಾನ್ಯರಿಗೂ ಕನ್ನಡದ ಟೈಪಿಂಗನ್ನು ಸುಲಭಮಾಡಿತು. ಮದುವೆಯ ಆಮಂತ್ರಣವನ್ನು ಲೇಸರಿನಲ್ಲಿ ಟ್ರೇಸಿಂಗ್ ಕಾಗದದ ಮೇಲೆ ತೆಗೆದು, ಅದರಿಂದ ಅಚ್ಚಿನ ಫಲಕವನ್ನು ಮಾಡುವ ಪದ್ಧತಿಯು ಬಂದ ಕೆಲವೇ ವರ್ಷಗಳಲ್ಲಿ ಮೊಳೆಯ ಪೆಟ್ಟಿಗೆಗಳು ಗುಜರಿಯ ಪಾಲಾದುವು. ಮೊಳೆಯ ಮನೆಗಳನ್ನು ಕಣ್ಣುಮುಚ್ಚಿ ಬಲ್ಲವರಾಗಿದ್ದ ಜೋಡಣೆಗಾರರು ಆ ವರ್ಷಗಳಲ್ಲಿ ಕಳೆದುಕೊಂಡುದನ್ನು ಕುರಿತು ನಾವು ಸಾಕಷ್ಟು ಬರೆದಿಲ್ಲವೆಂಬ ವ್ಯಸನವು ನನಗುಂಟು.

ಲೇಸರಿನ ಮಸಿಯು ದ್ರವವಲ್ಲ; ಬಣ್ಣ ಬೆರೆತ ಪ್ಲಾಸ್ಟಿಕ್ಕಿನ ಪುಡಿಯು ಬಿಸಿ ಉರುಳೆಯ ಶಾಖಕ್ಕೆ ಕರಗಿ ಕಾಗದಕ್ಕೆ ಅಂಟುತ್ತದೆ. ನೀರು ತಗುಲಿದರೆ ಕಲಸದು, ತಿಂಗಳುಗಟ್ಟಲೆ ಬಳಸದಿದ್ದರೂ ಒಣಗದು. ಕ್ರಯಪತ್ರ, ಪ್ರಬಂಧ, ಅರ್ಜಿ, ಲೆಕ್ಕಪತ್ರ ಮೊದಲಾದ ಕಪ್ಪು ಬರಹಗಳಿಗೆ, ಅದರಲ್ಲಿಯೂ ಮಳೆಗಾಲದ ತೇವವು ಬೀರುವಿನೊಳಕ್ಕೂ ನುಗ್ಗುವ ಮಲೆನಾಡಿಗೆ, ನಾನು ಹಿಂಜರಿಯದೆ ಇದನ್ನೇ ಹೇಳುವೆನು.

ಇಂಕ್‌ಜೆಟ್ಟಿನ ಕತೆ ಬೇರೆ. 1977ರಲ್ಲಿ ಕ್ಯಾನನ್ ಸಂಸ್ಥೆಯ ಇಚಿರೋ ಎಂಡೋನ ಪ್ರಯೋಗಶಾಲೆಯಲ್ಲಿ ಕಾದ ಬೆಸುಗೆ ಕಡ್ಡಿಯು ಮಸಿ ತುಂಬಿದ ಪಿಚಕಾರಿಯ ಸೂಜಿಗೆ ತಗುಲಿ ಮಸಿಯು ಚಿಮ್ಮಿತು. ಶಾಖದಿಂದ ಹುಟ್ಟಿದ ಗುಳ್ಳೆಯೇ ಮಸಿಯ ಹನಿಯನ್ನು ಹೊರದೂಡಬಲ್ಲುದೆಂದು ಆತನು ಗ್ರಹಿಸಿದನು. ವರ್ಣಚಿತ್ರಗಳಿಗೆ ಇದಕ್ಕೆ ಎಣೆಯಿಲ್ಲ. ಆದರೆ ಪ್ರಿಂಟರನ್ನು ಅಗ್ಗವಾಗಿ ಮಾರಿ ಪುಟ್ಟ ಮಸಿಪೆಟ್ಟಿಗೆಯನ್ನು ದುಬಾರಿಗೆ ಮಾರುವ ವ್ಯಾಪಾರಪದ್ಧತಿಯು ಇದರೊಡನೆಯೇ ಬೆಳೆದು ಅನೇಕ ಮನೆಗಳಿಗೆ ಹೊರೆಯಾಯಿತು. 2010ರ ಸುಮಾರಿಗೆ ಬಂದ, ಬಾಟಲಿಯಿಂದ ಮಸಿ ತುಂಬುವ ಟ್ಯಾಂಕಿನ ಪ್ರಿಂಟರುಗಳು ಆ ಹೊರೆಯನ್ನು ಬಹಳ ಮಟ್ಟಿಗೆ ಇಳಿಸಿವೆ. ಮಕ್ಕಳ ಶಾಲೆಯ ಚಿತ್ರಪಟಗಳನ್ನು ವಾರವಾರವೂ ತೆಗೆಯುವ ಮನೆಗೆ ಅವು ಒಪ್ಪುತ್ತವೆ. ವಾರಗಟ್ಟಲೆ ಮುಟ್ಟದ ಮನೆಯಲ್ಲಿ ಮಸಿಯು ರಂಧ್ರಗಳಲ್ಲಿ ಒಣಗಿ ಬಿಳಿಯ ಗೆರೆಗಳು ಮೂಡುತ್ತವೆ. ಇನ್ನು ಮಸಿಯನ್ನೇ ಬೇಡದ, ಕಾಗದವನ್ನು ಶಾಖದಿಂದ ಕಪ್ಪಾಗಿಸುವ ಥರ್ಮಲ್ ಯಂತ್ರವು ಬಸ್ಸಿನ ಟಿಕೀಟಿಗೂ ಅಂಗಡಿಯ ರಸೀದಿಗೂ ಸಾಕು. ಆ ಬರಹವು ಬಿಸಿಲಿಗೆ ಮಾಸುವುದರಿಂದ ಮುಂದೆ ಬೇಕಾಗುವ ರಸೀದಿಯನ್ನು ಅಂದೇ ಜೆರಾಕ್ಸ್ ಮಾಡಿಸಿಡಬೇಕು.

ಯಾವುದನ್ನೇ ಕೊಳ್ಳಲಿ, ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಕನ್ನಡದ ಒಂದು ಪುಟವನ್ನು ಚಿಕ್ಕ ಅಕ್ಷರದಲ್ಲಿ ತೆಗೆಸಿ ನೋಡಬೇಕು. ಮಾರುವವರು ತೋರಿಸುವ ಮಾದರಿಯು ಪ್ರಾಯಶಃ ಇಂಗ್ಲಿಷಿನದು ಅಥವಾ ಬಣ್ಣದ ಹೂವಿನದು. ಅದರಿಂದ ನಮಗೆ ಬೇಕಾದುದು ತಿಳಿಯದು. ‘ಲಕ್ಷ್ಮಿ’, ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳನ್ನು ಎಂಟು ಪಾಯಿಂಟಿನ ಗಾತ್ರದಲ್ಲಿ ಹಾಕಿಸಿ, ಒತ್ತಕ್ಷರಗಳ ಒಳಗಿನ ಬಿಳುಪು ಉಳಿದಿದೆಯೇ, ಅಥವಾ ಮಸಿಯು ತುಂಬಿ ಮುಚ್ಚಿಹೋಗಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು.