ವಿಕಿರಣಕ್ಕೆ ಒಳಪಡಿಸಿದ ರಕ್ತಘಟಕಗಳು: ರೋಗಿಗಳಿಗೆ ಹಾಗೂ ಸಂಬಂಧಿಕರಿಗೆ ಮಾಹಿತಿ

ರೋಗಿಗೆ ರಕ್ತದ ಅಗತ್ಯ ಬಿದ್ದಾಗ ತಂದೆ, ತಾಯಿ ಅಥವಾ ಒಡಹುಟ್ಟಿದವರು ತಮ್ಮ ರಕ್ತವನ್ನೇ ನೀಡಬೇಕೆಂದು ಕೋರುವುದು ಸಹಜ. ಆದರೆ ರಕ್ತಸಂಬಂಧಿಯ ರಕ್ತವೇ ಹೆಚ್ಚು ಸುರಕ್ಷಿತವೆಂಬ ನಂಬಿಕೆ ಸರಿಯಲ್ಲ. ಅಂತಹ ರಕ್ತವನ್ನು ವಿಕಿರಣಕ್ಕೆ ಒಳಪಡಿಸದೆ ನೀಡಿದಲ್ಲಿ, ಅಪರೂಪವಾದರೂ ಪ್ರಾಣಾಂತಿಕವಾದ ತೊಂದರೆ ಉಂಟಾಗಬಹುದು. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ವಿಕಿರಣದ ಉದ್ದೇಶ

ದಾನಿಯ ರಕ್ತದಲ್ಲಿ ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿರುತ್ತವೆ. ಸಾಮಾನ್ಯವಾಗಿ ರೋಗಿಯ ದೇಹವು ಇವುಗಳನ್ನು ಹೊರಗಿನವೆಂದು ಗುರುತಿಸಿ ನಾಶಪಡಿಸುತ್ತದೆ. ರೋಗಿಯ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ್ದಲ್ಲಿ, ಅಥವಾ ದಾನಿಯು ಹತ್ತಿರದ ಸಂಬಂಧಿಯಾಗಿದ್ದು ಇಬ್ಬರ ಅಂಗಾಂಶದ ಗುರುತುಗಳು ಹೋಲುತ್ತಿದ್ದಲ್ಲಿ, ಈ ಕಣಗಳು ಉಳಿದು ವೃದ್ಧಿಯಾಗಿ ರೋಗಿಯ ಚರ್ಮ, ಯಕೃತ್ತು, ಕರುಳು ಮತ್ತು ಅಸ್ಥಿಮಜ್ಜೆಯ ಮೇಲೆ ದಾಳಿ ಮಾಡುತ್ತವೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ಕೆಂಪು ದದ್ದು ಮತ್ತು ಭೇದಿ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಒಳಗಾದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮರಣ ಹೊಂದುತ್ತಾರೆ. ಆದ್ದರಿಂದ ಮುನ್ನೆಚ್ಚರಿಕೆಯೇ ಮುಖ್ಯ ಪರಿಹಾರವಾಗಿರುತ್ತದೆ.

ಅಕ್ಕನ ಮಗಳು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ವಿವಾಹ ಸಂಬಂಧ ಬೆಳೆಸುವ ಕುಟುಂಬಗಳಲ್ಲಿ ಇಂತಹ ಹೋಲಿಕೆಯ ಸಾಧ್ಯತೆ ಹೆಚ್ಚು ಎಂಬುದನ್ನು ಗಮನಿಸತಕ್ಕದ್ದು.

2. ವಿಧಾನ

ರಕ್ತದ ಚೀಲವನ್ನು ಮುಚ್ಚಿದ ಯಂತ್ರದಲ್ಲಿರಿಸಿ ಸೀಸಿಯಂ-137 ಅಥವಾ ಕೋಬಾಲ್ಟ್-60ರ ಗಾಮಾ ಕಿರಣಗಳಿಗೆ, ಇಲ್ಲವೇ ಎಕ್ಸ್-ರೇ ಕಿರಣಗಳಿಗೆ ಒಡ್ಡಲಾಗುತ್ತದೆ. ಮಧ್ಯಭಾಗಕ್ಕೆ 25 ಗ್ರೇ ಪ್ರಮಾಣ ದೊರೆಯಬೇಕು. ಯಾವುದೇ ಭಾಗಕ್ಕೆ 15 ಗ್ರೇಗಿಂತ ಕಡಿಮೆಯಾಗಬಾರದು. ಇದರಿಂದ ಲಿಂಫೋಸೈಟ್‌ಗಳು ವೃದ್ಧಿಯಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ರಕ್ತವು ವಿಕಿರಣಶೀಲವಾಗುವುದಿಲ್ಲ. ಆದರೆ ಈ ವಿಧಾನವು ಎಚ್.ಐ.ವಿ., ಕಾಮಾಲೆ ಮುಂತಾದ ಸೋಂಕುಗಳ ಪರೀಕ್ಷೆಗೆ ಪರ್ಯಾಯವಲ್ಲ. ಬಿಳಿ ರಕ್ತಕಣಗಳನ್ನು ಸೋಸುವ ಫಿಲ್ಟರ್‌ ಬಳಕೆಯನ್ನು ಸಹ ವಿಕಿರಣಕ್ಕೆ ಸಮಾನವೆಂದು ಪರಿಗಣಿಸುವಂತಿಲ್ಲ.

3. ಯಾರಿಗೆ ಅಗತ್ಯ?

ಅ) ರಕ್ತಸಂಬಂಧಿಯಿಂದ ನೇರವಾಗಿ ರಕ್ತಘಟಕ ಪಡೆಯುವವರಿಗೆ
ಆ) ಗರ್ಭದಲ್ಲಿಯೇ ರಕ್ತಪೂರಣ ಪಡೆಯುವ ಶಿಶುವಿಗೆ ಹಾಗೂ ಜನನಾನಂತರ ಅದೇ ಶಿಶುವಿಗೆ
ಇ) ಹುಟ್ಟಿನಿಂದಲೇ ತೀವ್ರ ರೋಗನಿರೋಧಕ ಕೊರತೆಯುಳ್ಳ ಮಕ್ಕಳಿಗೆ
ಈ) ಅಸ್ಥಿಮಜ್ಜೆ ಅಥವಾ ಕಾಂಡಕೋಶ ಕಸಿಗೆ ಒಳಗಾಗುವವರಿಗೆ
ಉ) ಹಾಡ್ಕಿನ್ ಲಿಂಫೋಮಾ ರೋಗಿಗಳಿಗೆ
ಊ) ಫ್ಲುಡರಾಬಿನ್, ಕ್ಲಾಡ್ರಿಬಿನ್ ಮುಂತಾದ ಔಷಧ ಪಡೆದವರಿಗೆ

ಸಾಮಾನ್ಯ ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ಅಪಘಾತದ ರೋಗಿಗಳಿಗೆ ಇತರ ದಾನಿಗಳ ರಕ್ತ ನೀಡುವಾಗ ವಿಕಿರಣದ ಅಗತ್ಯವಿರುವುದಿಲ್ಲ. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಹಾಗೂ ಕ್ರಯೋಪ್ರೆಸಿಪಿಟೇಟ್‌ಗೂ ಇದು ಅನ್ವಯಿಸುವುದಿಲ್ಲ.

4. ಬಳಕೆಯ ಅವಧಿ

ವಿಕಿರಣದ ನಂತರ ಕೆಂಪು ರಕ್ತಕಣಗಳಿಂದ ಪೊಟ್ಯಾಸಿಯಂ ಹೆಚ್ಚಾಗಿ ಹೊರಬರುತ್ತದೆ. ಆದ್ದರಿಂದ ವಿಕಿರಣದ ದಿನದಿಂದ 28 ದಿನ ಅಥವಾ ಚೀಲದ ಮೂಲ ಅವಧಿ, ಇವುಗಳಲ್ಲಿ ಯಾವುದು ಮೊದಲೋ ಅದು ಗರಿಷ್ಠ ಮಿತಿಯಾಗಿರುತ್ತದೆ. ಗರ್ಭಸ್ಥ ಶಿಶುವಿಗೆ 24 ಗಂಟೆಗಳೊಳಗೆ ಬಳಸುವುದು ಸೂಕ್ತ. ಪ್ಲೇಟ್‌ಲೆಟ್‌ಗಳ ಅವಧಿಯಲ್ಲಿ ಬದಲಾವಣೆಯಿಲ್ಲ.

5. ಕೋರಿಕೆ ಸಲ್ಲಿಸುವ ವಿಧಾನ

ಅ) ಚಿಕಿತ್ಸೆ ನೀಡುವ ವೈದ್ಯರು ರಕ್ತದ ಬೇಡಿಕೆ ನಮೂನೆಯಲ್ಲಿ ವಿಕಿರಣದ ಅಗತ್ಯ ಹಾಗೂ ಕಾರಣವನ್ನು ನಮೂದಿಸತಕ್ಕದ್ದು.
ಆ) ದಾನಿಯು ರೋಗಿಯ ಸಂಬಂಧಿಯಾಗಿದ್ದಲ್ಲಿ ಆ ವಿಷಯವನ್ನು ರಕ್ತನಿಧಿ ಕೇಂದ್ರಕ್ಕೆ ಮರೆಮಾಚದೆ ತಿಳಿಸತಕ್ಕದ್ದು. ತಮ್ಮ ರಕ್ತವನ್ನು ಕೇಂದ್ರದ ಸಾಮಾನ್ಯ ದಾಸ್ತಾನಿಗೆ ನೀಡಿ, ರೋಗಿಗೆ ಬೇರೆ ದಾನಿಯ ರಕ್ತ ಪಡೆಯುವುದು ಉತ್ತಮ.
ಇ) ವಿಕಿರಣ ಯಂತ್ರವು ಎಲ್ಲ ಕೇಂದ್ರಗಳಲ್ಲಿ ಇರುವುದಿಲ್ಲ. ಆದುದರಿಂದ ಮುಂಚಿತವಾಗಿ ವಿಚಾರಿಸುವುದು ಅವಶ್ಯ.
ಈ) ಚೀಲದ ಮೇಲೆ ವಿಕಿರಣಗೊಂಡ ಬಗ್ಗೆ ಚೀಟಿ ಹಾಗೂ ದಿನಾಂಕವಿರುವುದನ್ನು ಖಚಿತಪಡಿಸಿಕೊಳ್ಳುವಂತೆ ಶುಶ್ರೂಷಕರನ್ನು ಕೋರಬಹುದು.
ಉ) ಕೆಲವು ರೋಗಿಗಳಿಗೆ ಈ ಅಗತ್ಯವು ಜೀವನಪರ್ಯಂತ ಮುಂದುವರಿಯುತ್ತದೆ. ಬಿಡುಗಡೆ ಪತ್ರದಲ್ಲಿ ಇದನ್ನು ಬರೆಯಿಸಿಕೊಂಡು, ಬೇರೆ ಆಸ್ಪತ್ರೆಗೆ ದಾಖಲಾದಾಗ ತಪ್ಪದೆ ತೋರಿಸತಕ್ಕದ್ದು.

ಸೂಚನೆ: ತೀವ್ರ ರಕ್ತಸ್ರಾವದಂತಹ ತುರ್ತು ಸಂದರ್ಭದಲ್ಲಿ ವಿಕಿರಣಕ್ಕಾಗಿ ಕಾಯುವುದೇ ಅಪಾಯಕಾರಿಯಾಗಬಹುದು. ಅಂತಹ ಸಮಯದಲ್ಲಿ ವೈದ್ಯರ ತೀರ್ಮಾನವೇ ಅಂತಿಮ. ಈ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಲ್ಲ.