ಗಾಳಿಯಲ್ಲಿ ಹೋದ ಮಾತು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ ನಮ್ಮ ಉಣಕಲ್. ಇಲ್ಲಿಯ ಚಂದ್ರಮೌಳೇಶ್ವರನ ಗುಡಿಯಲ್ಲಿ ಚಾಲುಕ್ಯರ ಕಾಲವನ್ನು ಇಂದಿಗೂ ಕೈಯಿಂದ ಮುಟ್ಟಿ ನೋಡಬಹುದು. ಆದರೆ ಮುಟ್ಟಿ ನೋಡಲಾಗದ ಇತಿಹಾಸವೂ ಒಂದುಂಟು. ಅದು ರೇಡಿಯೋದ ಮಾತಿನದು.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆಗ ನಮ್ಮ ಓಣಿಯಲ್ಲಿ ರೇಡಿಯೋ ಇದ್ದುದು ಒಂದೇ ಮನೆಯಲ್ಲಿ. ಸಂಜೆಯಾದರೆ ಎಲ್ಲರೂ ಆ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಪುಸ್ತಕದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ ಎಂದು ತಿಳಿದಿದ್ದ ನನಗೆ, ಆ ಪೆಟ್ಟಿಗೆಯಿಂದ ನಮ್ಮವ್ವನ ಮಾತೇ ಕೇಳಿಬಂದಾಗ ಆದ ಸೋಜಿಗ ಅಷ್ಟಿಷ್ಟಲ್ಲ.

ಆ ಕೇಂದ್ರದಲ್ಲಿ ದುಡಿದ ಲೇಖಕರಲ್ಲಿ ಎನ್. ಕೆ. ಕುಲಕರ್ಣಿಯವರು ಒಬ್ಬರು; ಓದುಗರಿಗೆ ಅವರು ‘ಎನ್ಕೆ’. 1913ರಲ್ಲಿ ಗದಗಿನಲ್ಲಿ ಹುಟ್ಟಿ, ಬೇಂದ್ರೆಯವರ ‘ಗೆಳೆಯರ ಗುಂಪಿ’ನ ನಂಟಿನಲ್ಲಿ ಬೆಳೆದು, ‘ಸಾವಿನ ಉಡಿಯಲ್ಲಿ’ ಕಾದಂಬರಿಯನ್ನೂ ನಗೆಬರಹಗಳನ್ನೂ ಬರೆದವರು. 1956ರಲ್ಲಿ ಬೇಂದ್ರೆಯವರೂ ಅದೇ ಕೇಂದ್ರಕ್ಕೆ ಸಲಹೆಗಾರರಾಗಿ ಬಂದರು.

ಸಾಹಿತ್ಯಚರಿತ್ರೆ ಬರೆಯುವವರು ಇಂಥವರ ಪುಸ್ತಕಗಳನ್ನು ಎಣಿಸುತ್ತಾರೆ. ಬಾನುಲಿಗಾಗಿ ಮಾಡಿದ ಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅಕ್ಷರ ಬಾರದ ಮನೆಗಳಿಗೆ ಸಾಹಿತ್ಯ ಮುಟ್ಟಿದ್ದು ಆ ಕೆಲಸದಿಂದಲೇ ಅಲ್ಲವೆ? ನಮ್ಮವ್ವ ಒಂದು ಪುಸ್ತಕವನ್ನೂ ಓದಿದವಳಲ್ಲ. ಧಾರವಾಡದ ನಾಟಕ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕವಳು. ಆ ಕಟ್ಟೆಯ ಮೇಲೆ ಕೂತು ಕೇಳಿದವರಲ್ಲಿ ಈಗ ಉಳಿದವರು ಕೆಲವರೇ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಬರೆದವರಷ್ಟೇ ಇರುತ್ತಾರೆ, ಕೇಳಿದವರು ಇರುವುದಿಲ್ಲ.