ನೋಡುವವರಿಲ್ಲದ ನಾಟಕ

ಶಾಲೆಯ ನಾಟಕ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವಾರ್ಷಿಕೋತ್ಸವದ ಸಂಜೆ: ಅಧ್ಯಕ್ಷರಿಗೊಂದು ದೊಡ್ಡ ಕುರ್ಚಿ, ಹೂವಿನ ಹಾರ, ಅಂಟುಮೀಸೆಯ ಕೃಷ್ಣದೇವರಾಯ, ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಮೇಷ್ಟರು. ಪಾತ್ರಗಳೆಲ್ಲ ಸಾಮಾನ್ಯವಾಗಿ ಮುಂದಿನ ಬೆಂಚಿನವರ ಪಾಲು. ಹಿಂದಿನ ಬೆಂಚಿನ ಹುಡುಗನಿಗೆ ಆ ಬೆಂಚನ್ನು ಹೊತ್ತು ತರುವ ಕೆಲಸ. ಪಾಠವೆಂದರೆ ಮುಖ ತಿರುಗಿಸುವ ಈ ಹುಡುಗನಿಗೂ ನಾಟಕಕ್ಕೂ ಬೇರೊಂದು ನಂಟು ಸಾಧ್ಯ ಎಂಬುದನ್ನು ಇಂಗ್ಲೆಂಡಿನ ಒಬ್ಬ ಹಳ್ಳಿ ಉಪಾಧ್ಯಾಯಿನಿ ನೂರು ವರ್ಷಕ್ಕೂ ಹಿಂದೆ ಮಾಡಿ ತೋರಿಸಿದ್ದಳು. ಆಕೆಯ ಹೆಸರು ಹ್ಯಾರಿಯೆಟ್ ಫಿನ್‌ಲೇ-ಜಾನ್ಸನ್.

ಆಕೆ ಮಾಡಿದ್ದರ ಬೆಲೆ ತಿಳಿಯಬೇಕಾದರೆ ಅದಕ್ಕೆ ಮೊದಲು ಅಲ್ಲಿನ ಶಾಲೆಗಳು ಹೇಗಿದ್ದುವೆಂಬುದನ್ನು ನೋಡಬೇಕು. 1862ರಲ್ಲಿ, ಶಿಕ್ಷಣದ ಹೊಣೆ ರಾಬರ್ಟ್ ಲೋ ಎಂಬಾತನ ಕೈಯಲ್ಲಿದ್ದಾಗ, ಫಲಿತಾಂಶ ನೋಡಿ ಹಣ ಕೊಡುವ ಕಟ್ಟಳೆ ಜಾರಿಗೆ ಬಂತು. ಲೆಕ್ಕವೇನೋ ಅಂಗಡಿಯ ಲೆಕ್ಕದಷ್ಟೇ ಸರಳ. ಆರು ವರ್ಷ ದಾಟಿದ ಒಂದೊಂದು ಮಗುವಿನ ಪರೀಕ್ಷೆಯ ಮೇಲೂ ಶಾಲೆಗೆ 8 ಶಿಲಿಂಗ್ ಗ್ರಾಂಟು. ಓದು, ಬರಹ, ಲೆಕ್ಕ ಈ ಮೂರರಲ್ಲಿ ತಪ್ಪಿದ ಒಂದೊಂದಕ್ಕೂ 2 ಶಿಲಿಂಗ್ 8 ಪೆನ್ಸ್ ಕಡಿತ. ಮೂರರಲ್ಲೂ ತಪ್ಪಿದ ಮಗುವಿನಿಂದ ಬರುವುದು ಸೊನ್ನೆ! ಹೀಗಾಗಿ ದಡ್ಡ ಹುಡುಗನೆಂದರೆ ಶಾಲೆಯ ಪುಸ್ತಕದಲ್ಲಿ ನಷ್ಟದ ಬಾಬತ್ತಾದ. ಇನ್ಸ್‌ಪೆಕ್ಟರು ಬರುವ ದಿನಕ್ಕೆಂದು ವಾಚನ ಪುಸ್ತಕವನ್ನೇ ಉರುಹೊಡೆಸುವುದು, ತಪ್ಪಿದವನಿಗೆ ಬೆತ್ತ, ಇವೇ ಪಾಠವಾದುವು. ಕವಿ ಮ್ಯಾಥ್ಯೂ ಆರ್ನಲ್ಡ್ ತಾನೇ ಶಾಲೆಗಳ ಇನ್ಸ್‌ಪೆಕ್ಟರಾಗಿದ್ದವನು. ಈ ಕಟ್ಟಳೆಯನ್ನು ವಿರೋಧಿಸಿ ಬರೆದ. ಕೇಳಿದವರು ಕಡಮೆ. ಈ ಪದ್ಧತಿ ಹಡಗು ಹತ್ತಿ ನಮ್ಮ ಮದರಾಸು, ಮುಂಬಯಿ ಆಧಿಪತ್ಯಗಳಿಗೂ ಬಂತು. ಮಂಗಳೂರು, ಧಾರವಾಡಗಳು ಆಗ ಆ ಆಡಳಿತಗಳಿಗೆ ಸೇರಿದ್ದುವು. ಬಾಯಿಪಾಠದ ಚಟಕ್ಕೆ ನಮ್ಮ ಹಳೆಯ ಐಗಳ ಮಠಗಳನ್ನೊಂದೇ ದೂರುವವರು ಈ ಗ್ರಾಂಟಿನ ಕಥೆಯನ್ನೂ ಸ್ವಲ್ಪ ನೆನೆಯಬೇಕು.

ಇಂಗ್ಲೆಂಡಿನಲ್ಲಿ ಈ ಕಟ್ಟಳೆ 1890ರ ದಶಕದಲ್ಲಿ ಮೆಲ್ಲಮೆಲ್ಲನೆ ತೊಲಗಿತು. ಆದರೆ ಕಟ್ಟಳೆ ಹೋದರೂ ಮೂವತ್ತು ವರ್ಷದ ಅಭ್ಯಾಸ ಹೋಗಬೇಕಲ್ಲ! ಅದೇ ಹೊತ್ತಿನಲ್ಲಿ, 1897ರಲ್ಲಿ, ದಕ್ಷಿಣ ಕರಾವಳಿಗೆ ಸಮೀಪದ ಸಸೆಕ್ಸ್ ಪ್ರಾಂತದ ಸಾಂಪ್ಟಿಂಗ್ ಎಂಬ ಹಳ್ಳಿಯ ಶಾಲೆಗೆ ಫಿನ್‌ಲೇ-ಜಾನ್ಸನ್ ಮುಖ್ಯೋಪಾಧ್ಯಾಯಿನಿಯಾಗಿ ಬಂದಳು. ಆಗ ಆಕೆಗೆ ಇನ್ನೂ ಇಪ್ಪತ್ತಾರರ ಆಸುಪಾಸು. ಹೊಲಗದ್ದೆಯ ಕೆಲಸದವರ ಮಕ್ಕಳು; ಹೇಳಿದ್ದನ್ನು ಕೇಳುತ್ತಾರೆ, ತಾವಾಗಿ ಏನನ್ನೂ ಕೇಳರು. ಮೊದಲು ಅವರನ್ನು ಬಯಲಿಗೆ ಕರೆದುಕೊಂಡು ಹೋಗಿ ಗಿಡ, ಹಕ್ಕಿಗಳನ್ನು ತೋರಿಸಿದಳು. ಅಲ್ಲಿ ಅರಳಿದ ಕುತೂಹಲವು ಚರಿತ್ರೆಯ ಪುಸ್ತಕ ತೆರೆದೊಡನೆ ಬಾಡುತ್ತಿದ್ದುದು ಏಕೆ? ಸತ್ತ ರಾಜರ ಪಟ್ಟಿಯಲ್ಲಿ ಮಗು ಮಾಡಬೇಕಾದದ್ದು ಏನೂ ಇರಲಿಲ್ಲ. ಹಾಗಾದರೆ ಮಾಡುವುದಕ್ಕೆ ಏನಾದರೂ ಕೊಡೋಣ ಎಂದು ಚರಿತ್ರೆಯನ್ನು ಆಡಿಸಲು ಹೊರಟಳು. ಸ್ಕಾಟ್ ಬರೆದ 'ಐವನ್‌ಹೋ' ಕಾದಂಬರಿಯಂಥವುಗಳಿಂದ ಮಕ್ಕಳೇ ನಾಟಕ ಕಟ್ಟಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೇಡಂ ನಾಟಕ ಬರೆದು ಮಕ್ಕಳಿಂದ ಒಪ್ಪಿಸಿಕೊಳ್ಳಲಿಲ್ಲ. ಹಾಗೆ ಮಾಡಿದ್ದರೆ ಅದು ಇನ್ನೊಂದು ಬಾಯಿಪಾಠವಾಗುತ್ತಿತ್ತು. ಮಾತು ಮಕ್ಕಳದು, ವೇಷ ಮಕ್ಕಳದು, ಯಾರಿಗೆ ಯಾವ ಪಾತ್ರವೆಂಬ ಜಗಳವೂ ಮಕ್ಕಳದೇ. ರಾಜನಾಗಬೇಕಾದವನಿಗೆ ಆ ರಾಜ ಏನು ಉಡುತ್ತಿದ್ದ, ಯಾರ ಮೇಲೆ ಸಿಟ್ಟಾಗಿದ್ದ ಎಂಬುದು ಗೊತ್ತಿಲ್ಲದೆ ನಡೆಯುವುದಿಲ್ಲ, ಪುಸ್ತಕ ತೆರೆಯಲೇಬೇಕು. ಮಾತನ್ನು ಬರೆದಿಟ್ಟುಕೊಳ್ಳಬೇಕಾದವನಿಗೆ ಕಾಗುಣಿತ ಬೇಕೇ ಬೇಕು. ಭೂಗೋಳದಲ್ಲಿ ಪ್ರಯಾಣಿಕರಾದರು, ಲೆಕ್ಕದಲ್ಲಿ ಅಂಗಡಿಯವರಾದರು. ದೊಡ್ಡವರ ಕಣ್ಣಿಗೆ ಒರಟಾಗಿ ಕಂಡರೂ ನಾಟಕ ಮಕ್ಕಳ ಸ್ವಂತದ್ದಾಗಿರಬೇಕೆಂಬುದು ಆಕೆಯ ಹಟ. ಅದಕ್ಕಿಂತ ದೊಡ್ಡ ಹಟ, ಅದು ನೋಡುವವರಿಗಾಗಿ ಅಲ್ಲ ಎಂಬುದು. ತರಗತಿಯಲ್ಲಿ ಕೈಕಟ್ಟಿ ಕುಳಿತು ನೋಡುವ ಗುಂಪು ಇರಕೂಡದು. ಎಲ್ಲರಿಗೂ ಏನಾದರೊಂದು ಕೆಲಸ. ಮೆಚ್ಚಿಸಬೇಕಾದವರು ಎದುರಿಗಿಲ್ಲದಿದ್ದರೆ ತಪ್ಪಲು ಭಯವೂ ಇಲ್ಲ. ನನಗೆ ತೋರುವ ಮಟ್ಟಿಗೆ ಆಕೆಯ ಗುಟ್ಟು ನಾಟಕದಲ್ಲಿ ಎಷ್ಟಿತ್ತೋ, ಪ್ರೇಕ್ಷಕರನ್ನು ಹೊರಗಿಟ್ಟದ್ದರಲ್ಲೂ ಅಷ್ಟೇ ಇತ್ತು.

ಈ ಶಾಲೆಯನ್ನು ಜಗತ್ತಿಗೆ ಪರಿಚಯಿಸಿದಾತ, ವಿಚಿತ್ರವೆಂದರೆ, ಒಬ್ಬ ಇನ್ಸ್‌ಪೆಕ್ಟರು! ಎಡ್ಮಂಡ್ ಹೋಮ್ಸ್ ಪ್ರಾಥಮಿಕ ಶಾಲೆಗಳ ಮುಖ್ಯ ಇನ್ಸ್‌ಪೆಕ್ಟರಾಗಿದ್ದವನು. ತನ್ನ ಇಲಾಖೆಯೇ ಬೆಳೆಸಿದ ಯಾಂತ್ರಿಕ ವಿಧೇಯತೆಯನ್ನು ಖಂಡಿಸಿ 1911ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಸಾಂಪ್ಟಿಂಗಿಗೆ 'ಯುಟೋಪಿಯ' ಎಂದೂ ಉಪಾಧ್ಯಾಯಿನಿಗೆ 'ಈಜೀರಿಯ' ಎಂದೂ ಹೆಸರಿಟ್ಟು ಮನಸಾರೆ ಹೊಗಳಿದ. ನಾಟಕ ಪದ್ಧತಿಯನ್ನು ಕುರಿತ ಆಕೆಯ ಪುಸ್ತಕವೂ ಹೆಚ್ಚುಕಡಮೆ ಅದೇ ಸಮಯದಲ್ಲಿ ಹೊರಬಂತು. ಆದರೆ ಅಷ್ಟು ಹೊತ್ತಿಗೆ ಆಕೆ ಶಾಲೆಯಲ್ಲಿರಲಿಲ್ಲ. 1910ರಲ್ಲಿ ಮದುವೆಯಾಗಿ ಕೆಲಸ ಬಿಟ್ಟಿದ್ದಳು. ಹದಿಮೂರು ವರ್ಷ ಕಟ್ಟಿದ ಶಾಲೆ ಬೇರೆಯವರ ಕೈಗೆ ಹೋಯಿತು. ಆಕೆ ಬದುಕಿದ್ದು 1956ರವರೆಗೆ.

ಸಿರಿವಂತರ ಶಾಲೆಯಲ್ಲಿ ಇದೇ ದಾರಿ ಹಿಡಿದವನು ಕೇಂಬ್ರಿಜ್ ಊರಿನ ಪರ್ಸ್ ಶಾಲೆಯ ಕಾಲ್ಡ್‌ವೆಲ್ ಕುಕ್. 1917ರ ಅವನ 'ದಿ ಪ್ಲೇ ವೇ' ಪುಸ್ತಕ ಹೆಚ್ಚು ಹೆಸರಾಯಿತು. ಅವನಿಗೆ ಆಸರೆ ಕೊಟ್ಟ ಹೆಡ್‌ಮಾಸ್ಟರು ರೌಸ್, ಕಲ್ಕತ್ತೆಯಲ್ಲಿ ಹುಟ್ಟಿದ ಸಂಸ್ಕೃತಜ್ಞ, ಜಾತಕ ಕಥೆಗಳನ್ನು ಇಂಗ್ಲಿಷಿಗೆ ತಂದವರಲ್ಲಿ ಒಬ್ಬ. ಕುಕ್‌ಗೆ ನಾಟಕದ ಕೋಣೆಯೇ ಇತ್ತು. ಸಾಂಪ್ಟಿಂಗಿನ ಮಕ್ಕಳಿಗೆ ಅಂಥ ಅನುಕೂಲವೆಲ್ಲಿ?

ನಿಜವಾದ ಒರೆಗಲ್ಲು ಇನ್ನೂ ಮುಂದಿತ್ತು. ಡರೊತಿ ಹೀತ್‌ಕೋಟ್ ಯಾರ್ಕ್‌ಷೈರಿನ ಹೆಣ್ಣುಮಗಳು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಉಣ್ಣೆಯ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವಳು. ನಾಟಕ ಶಾಲೆಗೆ ಹೋಗಲು ಗಿರಣಿಯವರೇ ನೆರವಾದರು. ಅಲ್ಲಿ ಸರಿಹೋಗದಿದ್ದರೆ ಮಗ್ಗಗಳು ಹೇಗೂ ಕಾದಿರುತ್ತವೆ ಎಂಬ ಅಭಯದೊಂದಿಗೆ. ಮಗ್ಗಗಳು ಕಾದೇ ಇದ್ದುವು. ಆಕೆ 1951ರಲ್ಲಿ ನ್ಯೂಕಾಸಲಿನಲ್ಲಿ ಉಪಾಧ್ಯಾಯರಿಗೆ ಪಾಠ ಹೇಳತೊಡಗಿದಳು. 1971ರ ಬಿಬಿಸಿ ಚಿತ್ರವೊಂದರಲ್ಲಿ, ತಪ್ಪುಮಾಡಿ ಸರ್ಕಾರದ ತಿದ್ದುಶಾಲೆಗೆ ಬಂದ ಹುಡುಗರೊಡನೆ ಆಕೆ ಕೆಲಸ ಮಾಡುವುದನ್ನು ನೋಡಬಹುದು. ಯಾವ ಮೇಷ್ಟರಿಗೂ ಸೊಪ್ಪುಹಾಕದ ಪೋರರು! ಅವರು ಯುದ್ಧಕೈದಿಗಳಾಗುತ್ತಾರೆ, ತಮ್ಮೊಳಗೇ ಒಬ್ಬ ಶತ್ರುವಿಗೆ ಸುದ್ದಿ ಕೊಡುವವನು. ಹೀತ್‌ಕೋಟ್ ದೂರ ನಿಂತು ನಿರ್ದೇಶಿಸುವುದಿಲ್ಲ. ತಾನೂ ಪಾತ್ರವಾಗಿ ಒಳಗೆ ಇಳಿಯುತ್ತಾಳೆ. ಗೆಳೆಯನಿಗೆ ದ್ರೋಹ ಬಗೆಯುವುದೆಂದರೇನು ಎಂಬ ಪಾಠ ಅಲ್ಲಿ ನಡೆಯುತ್ತದೆ, ಪಾಠವೆಂಬ ಮಾತೇ ಇಲ್ಲದೆ. ಈ ಹುಡುಗರಿಗೆ ಪಾಠ ಬೇಡವಾಗಿರಲಿಲ್ಲ. ಪಾಠದಲ್ಲಿ ತಮಗೊಂದು ಸ್ಥಾನ ಬೇಕಾಗಿತ್ತು.

ಹೀತ್‌ಕೋಟ್ 1986ರಲ್ಲಿ ನಿವೃತ್ತಳಾದಳು. 1988ರಲ್ಲಿ ಇಂಗ್ಲೆಂಡಿಗೆ ರಾಷ್ಟ್ರೀಯ ಪಠ್ಯಕ್ರಮ ಬಂತು, ಜೊತೆಯಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ಪರೀಕ್ಷೆ. ಅದರಲ್ಲಿ ನಾಟಕಕ್ಕೆ ಸ್ವಂತ ವಿಷಯವೆಂಬ ಪದವಿ ಸಿಗಲಿಲ್ಲ. ಇಂಗ್ಲಿಷ್ ಪಾಠದೊಳಗೆ ಒಂದು ಮೂಲೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಶಾಲೆಗಳ ಫಲಿತಾಂಶದ ಪಟ್ಟಿಗಳು ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದುವು.